ಎಲ್ಲಿ ಇಳಿಸಿದೆ

ಲಿಡಿಯಾ ನಮ್ಮ ಅಕ್ಕನ ಮನೆಗೆ ಬಂದಾಗ ನಾನು ಅಂಗಳದಲ್ಲಿ ಕೂತು ಮೂಸ್ ಕಡವೆಯ ಮೂಗಿನ ಕೂದಲು ಸುಡುತ್ತಿದ್ದೆ. ಆ ನಾತಕ್ಕೆ ನಾಯಿಗಳು ಬರುತ್ತವೆಯೇ ಹೊರತು ನೆಂಟರು ಬರುವುದಿಲ್ಲ. ಲಿಡಿಯಾ ಬಂದಳು. ಕಂಕುಳಲ್ಲಿ ಹೊಸ ಕಂಬಳಿ, ಕೈಯಲ್ಲಿ ಚಹಾದ ಡಬ್ಬಿ, ಡಬ್ಬಿಯ ಮೇಲೆ ಹೊಗೆಸೊಪ್ಪಿನ ಪೊಟ್ಟಣ. ನೋಡಿದ ಕೂಡಲೇ ಗೊತ್ತಾಯಿತು, ಸತ್ತ ಮಗನಿಗೆ ಹಾಡು ಕೇಳಲು ಬಂದಿದ್ದಾಳೆ.

ನನ್ನ ಕೈಯಲ್ಲಿದ್ದ ಕೊಳ್ಳಿ ಬೆರಳು ಸುಡುವವರೆಗೂ ನಾನು ಅವಳನ್ನೇ ನೋಡುತ್ತಿದ್ದೆ. ಇಷ್ಟೊಂದು ಧೈರ್ಯ ಎಲ್ಲಿಂದ ಬಂತು ಈ ಹೆಂಗಸಿಗೆ ಎಂದುಕೊಂಡೆ. ಆದರೆ ನ್ಯಾಯ ಹೇಳಬೇಕೆಂದರೆ ಅವಳಿಗೆ ಹೋಗಲು ಬೇರೆ ಬಾಗಿಲೇ ಇರಲಿಲ್ಲ.

ಉತ್ತರದ ಈ ಹಿಮಸೀಮೆಯಲ್ಲಿ ನಮ್ಮ ಜನಕ್ಕೆ ಎರಡು ಬಳಿ, ಅಂದರೆ ಎರಡು ಕುಲ. ನಾವು ಕಾಗೆಯವರು, ಅವರು ತೋಳದವರು. ಬಳಿ ತಾಯಿಯಿಂದ ಬರುತ್ತದೆ. ಮದುವೆ ಆಚೆ ಬಳಿಯವರ ಜೊತೆಗೇ ಆಗಬೇಕು. ಸತ್ತರೆ ಪೆಟ್ಟಿಗೆ ಮಾಡುವವರು, ಗುಂಡಿ ತೋಡುವವರು, ಹೊಸ ಕೈಗವಸು ಹೊಲಿದು ತೊಡಿಸುವವರೂ ಆಚೆ ಬಳಿಯವರೇ. ಸ್ವಂತದವರ ಕೈ ನಡುಗುತ್ತದೆಂದು ಹಿರಿಯರು ಮಾಡಿಟ್ಟ ಏರ್ಪಾಡು ಇದು. ಹಾಡಿನದೂ ಅದೇ ಕಥೆ. ಸತ್ತವನಿಗೆಂದೇ ಒಂದು ಹಾಡು ಆಚೆ ಬಳಿಯವರ ಬಾಯಿಂದ ಬರಬೇಕು. ಅದನ್ನು ಸತ್ತವನ ಹೆಸರಿನಲ್ಲಿ ಊರಿಗೆಲ್ಲ ಬಡಿಸುವ ದೊಡ್ಡೂಟದ ದಿನ ಅವನ ತಾಯಿ ಎತ್ತಬೇಕು, ಊರೆಲ್ಲ ಅವಳ ಹಿಂದೆ ಹಾಡಬೇಕು. ಅಲ್ಲಿಯವರೆಗೆ ಅವನು ಹೋಗಿರುವುದಿಲ್ಲ, ಬಾಗಿಲ ಹೊರಗೆ ನಿಂತಿರುತ್ತಾನೆ. ಅವನ ಹೆಸರನ್ನೂ ಯಾರೂ ಎತ್ತುವ ಹಾಗಿಲ್ಲ. ಎತ್ತಿದರೆ ಕರೆದರೇನೋ ಎಂದು ತಿರುಗಿ ನೋಡುತ್ತಾನೆ, ದಾರಿ ತಪ್ಪುತ್ತಾನೆ.

ಕಾಗೆ ಬಳಿಯಲ್ಲಿ ಹಾಡು ಬರುವ ಬಾಯಿ ಈಗ ಉಳಿದಿರುವುದು ಒಂದೇ, ಅದು ನಮ್ಮ ಅಕ್ಕ ಹೆಸ್ಟರಳದು. ಲಿಡಿಯಾಳ ಮಗ ನದಿಗೆ ಕರೆದುಕೊಂಡು ಹೋಗಿ ಕಳೆದದ್ದು ಇದೇ ಅಕ್ಕನ ಮೊಮ್ಮಗಳನ್ನು.

ಅದು ಏಪ್ರಿಲ್‌ನಲ್ಲಿ. ಕೆಳಗಿನ ಊರಿನಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವಿತ್ತು, ಹುಡುಗಿ ಆಡಬೇಕಿತ್ತು. ರಸ್ತೆಯಲ್ಲಿ ಹೋದರೆ ಸುತ್ತು. ಲಿಡಿಯಾಳ ಮಗ ಹಿಮಗಾಡಿ ತಂದು ನಿಲ್ಲಿಸಿ, ಬಾ, ನದಿ ಮೇಲೇ ಬಿಟ್ಟು ಬರ್ತೀನಿ ಎಂದ. ನಡುಗಡ್ಡೆಯ ಹತ್ತಿರ ಮಂಜುಗಡ್ಡೆ ಬೂದಿ ಬಣ್ಣಕ್ಕೆ ತಿರುಗಿದೆ ಎಂದು ಮೂರು ಮನೆಯವರು ಹೇಳಿದರು. "ನದಿ ಗಟ್ಟಿ ಇದೆ, ನಾನ್ ನೋಡಿಲ್ವಾ," ಎಂದು ನಕ್ಕ. ಆ ಹುಡುಗನಿಗೆ ಹುಟ್ಟಿದಾಗಿನಿಂದ ಅವಸರ. ಹುಡುಗಿ ಅವನ ಹಿಂದೆ ಕೂತು ನನಗೆ ಕೈ ಬೀಸಿದಳು. ಹಳದಿ ಟೋಪಿ ಹಾಕಿದ್ದಳು.

ಅವನು ಜೂನ್‌ನಲ್ಲಿ ಸಿಕ್ಕ, ಮೊದಲ ತಿರುವಿನಲ್ಲಿ ಕೊಚ್ಚಿ ಬಂದ ಮರಗಳ ರಾಶಿಯಲ್ಲಿ. ಹುಡುಗಿ ಸಿಗಲಿಲ್ಲ.

ಅವನ ಗುಂಡಿ ತೋಡಿದವರು ನಾವು. ಕೈಗವಸು ಹೊಲಿಯುವ ಸರದಿ ಅಕ್ಕನದು, ಹೊಲಿದಳು. ಒಳ್ಳೆಯ ಕಡವೆ ಚರ್ಮ, ಸಣ್ಣ ಹೊಲಿಗೆ, ಒಳಗೆ ಮೊಲದ ತುಪ್ಪಳ. ಮಣಿ ಮಾತ್ರ ಒಂದನ್ನೂ ಹಾಕಲಿಲ್ಲ. ಮಣಿಯಿಲ್ಲದ ಬೋಳು ಕೈಗವಸು ಹಾಕಿಕೊಂಡು ಮಣ್ಣಿಗೆ ಹೋದವನು ನಮ್ಮೂರಿನಲ್ಲಿ ಅವನೊಬ್ಬನೇ ಇರಬೇಕು. ಎಲ್ಲರೂ ನೋಡಿದರು.

ತನ್ನ ಮೊಮ್ಮಗಳಿಗೆ ಮಾತ್ರ ಅಕ್ಕ ಏನನ್ನೂ ಮಾಡಲು ಬಿಡಲಿಲ್ಲ. ತಾಯಿ ಸತ್ತ ಮಗು, ಅಕ್ಕನೇ ಸಾಕಿದ್ದು. ಹೆಣ ಸಿಗದೆ ಸಾವು ಎಂಥದ್ದು ಎನ್ನುತ್ತಿದ್ದಳು. ಅವಳ ಬಟ್ಟೆ ಸುಡಲಿಲ್ಲ, ತಾನು ಕೂದಲು ಕತ್ತರಿಸಿಕೊಳ್ಳಲಿಲ್ಲ. ಹುಡುಗಿಯ ನೀಲಿ ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಆ ಕೋಟಿದ್ದ ಬಾಗಿಲಿಗೇ ಈಗ ಲಿಡಿಯಾ ಬಂದು ನಿಂತಳು.

"ಅತ್ತಿಗೆ, ಒಳಗೆ ಬರ್ಲಾ?"

"ಬಾಗ್ಲು ತೆರ್ದೇ ಇದೆ. ಚಳಿನೇ ಕೇಳ್ದೆ ಬರ್ತಿದೆ, ನಿಂಗೇನು," ಎಂದಳು ಅಕ್ಕ. ಕೂರು ಎನ್ನಲಿಲ್ಲ.

ಲಿಡಿಯಾ ಕಂಬಳಿಯನ್ನು ಹೊಸಿಲ ಹೊರಗೇ ಇಟ್ಟಳು. ಅದರ ಮೇಲೆ ಚಹಾ, ಹೊಗೆಸೊಪ್ಪು. "ಬರೋ ವರ್ಷ ಬೇಟೆ ಮುಗಿದ್ಮೇಲೆ ದೊಡ್ಡೂಟ ಇಡೋಣ ಅಂತಿದೀವಿ. ಅವನಿಗೊಂದು ಹಾಡು ಬೇಕು."

"ನನ್ನ ಹತ್ರ ಇಲ್ಲ."

"ಈಗ ಇಲ್ಲ ಗೊತ್ತು. ಬರುತ್ತಲ್ಲ."

"ಬರಲ್ಲ. ಲಿಡಿಯಾ, ನಿನ್ನ ಮಗನಿಗೆ ಕೈಗವಸು ಹೊಲ್ದೆ. ಅಷ್ಟು ಸಾಕು ಅನ್ಕೋ. ತಗೊಂಡ್ಹೋಗು ಅದನ್ನ."

ಲಿಡಿಯಾ ತೆಗೆದುಕೊಂಡು ಹೋಗಲಿಲ್ಲ. ತಂದ ಗಂಟನ್ನು ಅಲ್ಲೇ ಬಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಗಂಟು ಹೊಸಿಲ ಹೊರಗಿದ್ದರೆ ಕೇಳಿದ್ದಷ್ಟೇ ಆಯಿತು. ಹೊಸಿಲ ಒಳಗೆ ಬಂತೆಂದರೆ ಒಪ್ಪಿದಂತೆ, ಆಮೇಲೆ ಹಿಂದೆ ಸರಿಯುವಂತಿಲ್ಲ. ಅಕ್ಕ ಅದನ್ನು ದಾಟಿಕೊಂಡು ನೀರಿಗೆ ಹೋದಳು, ದಾಟಿಕೊಂಡು ವಾಪಸು ಬಂದಳು. ಹಗಲೆಲ್ಲ ಹಾಗೆಯೇ ನಡೆಯಿತು. ಸಂಜೆ ಹಿಮ ಉದುರತೊಡಗಿತು.

ಆಗ ಭಾವ ಈನೋಕ್ ಸೌದೆ ಹೊತ್ತು ಬಂದ. ಈ ಮನುಷ್ಯನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಅಕ್ಕನ ಗಂಡ, ಲಿಡಿಯಾಳ ಒಡಹುಟ್ಟಿದ ಅಣ್ಣ. ನದಿಗೆ ಹೋದ ಹುಡುಗಿ ಅವನ ಮಗಳ ಮಗಳು, ಹುಡುಗ ಅವನ ತಂಗಿಯ ಮಗ. ಬೇಟೆ ಕಲಿಸಿದ್ದೂ ಅವನೇ. ಆ ದಿನ ಎರಡೂ ಕಡೆಯಿಂದ ಕಳೆದುಕೊಂಡವನು ಅವನೊಬ್ಬನೇ, ಆದರೆ ಅವನನ್ನು ಯಾರೂ ಏನೂ ಕೇಳಲಿಲ್ಲ. ಕಿವಿ ಮಂದ, ಬಾಯಿ ಇನ್ನೂ ಮಂದ. ಅವನು ಸೌದೆ ಇಳಿಸಿ, ಕಂಬಳಿಯ ಹಿಮ ಕೊಡವಿ, ಗಂಟನ್ನೆತ್ತಿಕೊಂಡು ಸೀದಾ ಒಳಗೆ ಹೋಗಿ ಒಲೆಯ ಪಕ್ಕ ಇಟ್ಟ.

ಅಕ್ಕನ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು. "ಏನ್ ಮಾಡ್ದೆ ನೀನು? ಏನ್ ಮಾಡ್ದೆ ಗೊತ್ತಾ ನಿಂಗೆ?"

"ನೆನೀತಿತ್ತು," ಎಂದ ಭಾವ.

"ನೆನೀಲಿ! ಕೊಳೀಲಿ! ನಿಮ್ಮ ತೋಳದ ಬುದ್ಧಿ ಎಲ್ಹೋಗುತ್ತೆ!"

"ಹೊಸ ಕಂಬಳಿ ಕಣೇ," ಎಂದು ಹೇಳಿ ಅವನು ಬೂಟು ಬಿಚ್ಚತೊಡಗಿದ. ಐವತ್ತು ವರ್ಷ ಜೊತೆಗೆ ಬಾಳಿದ ಮೇಲೂ ಆ ಮನುಷ್ಯ ಪೆದ್ದನೋ ಜಾಣನೋ ನನ್ನಕ್ಕನಿಗೆ ಗೊತ್ತಿಲ್ಲ. ನನಗೆ ಗೊತ್ತು. ಆದರೆ ಅವತ್ತು ನಾನು ಬಟ್ಟಲಿನ ಚೂರಷ್ಟೇ ಆಯ್ದೆ.

ಒಪ್ಪಿದ ಮೇಲೆ ಒಪ್ಪಿದಂತೆಯೇ. ಮರುದಿನದಿಂದ ಅಕ್ಕ ತಮಟೆ ಹಿಡಿದು ನದಿಯ ದಡಕ್ಕೆ ಹೋಗತೊಡಗಿದಳು. ಬೆಂಕಿ ಕಾಯಲು ನಾನು ಜೊತೆಗೆ. ಮೊದಲು ತಮಟೆಯನ್ನು ಉರಿಗೆ ಹಿಡಿದು ಕಾಯಿಸಬೇಕು, ಉಗುರಿನಿಂದ ತಟ್ಟಿ ನೋಡಬೇಕು, ಮತ್ತೆ ಕಾಯಿಸಬೇಕು. ಚರ್ಮ ಬಿಗಿದು ಅದರ ದನಿ ಏಳುವವರೆಗೆ ಬಿಡುವಂತಿಲ್ಲ. ಆಮೇಲೆ ಹೊಡೆಯುತ್ತ ಕೂರುವುದು, ಅಷ್ಟೇ. ಪದ ಹುಡುಕಬಾರದು. ಹುಡುಕಿದರೆ ಸಿಗುವುದು ನಿನ್ನದೇ ಮಾತು, ಹಾಡಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಒಳಗಿರುವ ಸಿಟ್ಟು, ಹಸಿವು, ಸೊಂಟನೋವು, ನಿನ್ನೆ ಬೈದವರ ಮುಖ ಎಲ್ಲ ಖಾಲಿಯಾಗುವ ತನಕ ಹೊಡೆಯಬೇಕು. ಖಾಲಿಯಾದ ಮೇಲೆ ಬಂದರೆ ಬಂತು. ಭಾನುವಾರ ನಾವು ಚರ್ಚಿಗೂ ಹೋಗುವವರೇ, ಅಲ್ಲಿ ಪಾದ್ರಿ ಮಾತಾಡುತ್ತಾನೆ, ದೇವರು ಕೇಳಿಸಿಕೊಳ್ಳುತ್ತಾನೆ. ಇಲ್ಲಿ ಕೇಳಿಸಿಕೊಳ್ಳುವವರು ನಾವು.

ಅಕ್ಕನ ಒಳಗಿದ್ದದ್ದು ಬೇಗ ಖಾಲಿಯಾಗುವಂಥದ್ದಾಗಿರಲಿಲ್ಲ. ಆ ಚಳಿಗಾಲವೆಲ್ಲ ಹೊಡೆದಳು. ಉಸಿರು ಹುಬ್ಬಿನ ಮೇಲೆ ಹೆಪ್ಪುಗಟ್ಟುತ್ತಿತ್ತು. ನನಗೂ ಸಾಕಾಗಿತ್ತು. ಒಂದು ದಿನ ಹೇಳಿಯೇಬಿಟ್ಟೆ.

"ಅಕ್ಕ, ಏನಾದ್ರೂ ನಾಲ್ಕು ಮಾತು ಹಾಕಿ ಕೊಟ್ಬಿಡೇ. ಒಳ್ಳೇ ಬೇಟೆಗಾರ ಅಂತ ಹಾಕು. ನಂಗೆ ಸೌದೆ ತಂದ್ಕೊಡ್ತಿದ್ದ, ವಿಧವೆಯರ ಮನೆ ಒಲೆ ಆರೋಕೆ ಬಿಡಲಿಲ್ಲ ಅಂತ ಹಾಕು. ಸುಳ್ಳೇನಲ್ವಲ್ಲ."

"ಸುಳ್ಳಲ್ಲ. ಹಾಕಿ ನೋಡ್ದೆ. ತಮಟೆ ತಗೊಳ್ತಿಲ್ಲ."

"ತಮಟೆ ತಗೊಳ್ತಿಲ್ವೋ, ನೀನು ಕೊಡ್ತಿಲ್ವೋ?"

ಅಕ್ಕ ಕೋಲನ್ನು ನನ್ನ ಕಡೆ ಚಾಚಿದಳು. "ತಗೋ. ನೀನೇ ಹೊಡಿ. ನಿನ್ನ ನಾಲಿಗೆ ಅಷ್ಟು ಚುರುಕಿದೆಯಲ್ಲ, ನಿಂಗೇ ಬರ್ಲಿ."

ನನಗೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬೆಂಕಿಗೆ ಕಟ್ಟಿಗೆ ಒಟ್ಟಿದೆ. ಹೊಟ್ಟೆ ಉರಿಯಿತು, ಬೆಂಕಿಗಿಂತ ಜೋರಾಗಿಯೇ.

ವರ್ಷ ತಿರುಗಿ ಮತ್ತೆ ಏಪ್ರಿಲ್ ಬಂತು. ನಡುಗಡ್ಡೆಯ ಹತ್ತಿರ ಮಂಜುಗಡ್ಡೆ ಬೂದಿ ಬಣ್ಣಕ್ಕೆ ತಿರುಗಿತು. ಒಂದು ಮಧ್ಯಾಹ್ನ ಅಕ್ಕ ಹೊಡೆಯುತ್ತ ಹೊಡೆಯುತ್ತ ಎದ್ದು ನಿಂತಳು. ಕಣ್ಣು ನದಿಯ ಮೇಲಿತ್ತು, ಮುಖದಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಬಾಯಿ ತೆರೆಯಿತು.

ನದಿ ಗಟ್ಟಿ ಇದೆ ಎಂದೆ,
ನೀನೊಬ್ಬನೇ ಮನೆಗೆ ಬಂದೆ.
ನನ್ನ ಚಿಕ್ಕವಳನ್ನು ಎಲ್ಲಿ ಇಳಿಸಿದೆ,
ಎಲ್ಲಿ ಇಳಿಸಿದೆ?

ಅಷ್ಟೇ. ಅದನ್ನೇ ಮತ್ತೆ ಮತ್ತೆ ಹಾಡಿದಳು. ರಾಗ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಮೈ ಜುಮ್ಮೆಂದಿತು. ಆಮೇಲೆ ಪದಗಳು ತಲೆಗೆ ಹತ್ತಿದವು. ಹಾಡೆಂದರೆ ಒಂದು ಸಲ ಹಾಡಿ ಬಿಡುವ ವಸ್ತುವಲ್ಲ. ಇನ್ನು ಮುಂದೆ ಯಾರ ದೊಡ್ಡೂಟವಾದರೂ ಹಳೆಯ ಹಾಡುಗಳನ್ನೆಲ್ಲ ಮೊದಲು ಹಾಡುತ್ತಾರೆ. ನಾವೆಲ್ಲ ಸತ್ತ ಮೇಲೂ ಮೊಮ್ಮಕ್ಕಳು ಇದನ್ನು ಹಾಡುತ್ತಾರೆ. ಆ ಹುಡುಗ ಸೌದೆ ತಂದದ್ದು ಮರೆತುಹೋಗುತ್ತದೆ, ಇದು ಉಳಿಯುತ್ತದೆ.

"ಇದನ್ನ ಅವನ ತಾಯಿ ಕೈಲಿ ಎತ್ತಿಸ್ತೀಯಾ? ಮನುಷ್ಯಳಾ ನೀನು?" ಎಂದೆ.

"ಬಂದಿದ್ದು ಇದು," ಎಂದಳು ಅಕ್ಕ. ದನಿ ಒಣಗಿತ್ತು. "ನಾನು ಬೇಡ ಬೇಡ ಅಂದೆ. ಆದ್ರೂ ಬಂತು."

ನಾನು ನಂಬಲಿಲ್ಲ. ಇವಳೇ ಹೆಣೆದಿದ್ದಾಳೆ, ಚಳಿಗಾಲವೆಲ್ಲ ಕೂತು ಈ ಚೂರಿಯನ್ನು ಮಸೆದಿದ್ದಾಳೆ ಎಂದೇ ಎಣಿಸಿ ಮಾತು ಬಿಟ್ಟು ಮನೆಗೆ ಬಂದೆ. ಮರುದಿನ ಹೋಗಿ ನೋಡಿದರೆ ಅಕ್ಕನ ತಲೆಗೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿತ್ತು. ಕೈಗೆ ಸಿಕ್ಕ ಕತ್ತರಿಯಲ್ಲಿ ಅಡ್ಡಾದಿಡ್ಡಿ ಕತ್ತರಿಸಿಕೊಂಡಿದ್ದಳು. ಬಾಗಿಲ ಹಿಂದಿನ ಮೊಳೆ ಬರಿದಾಗಿತ್ತು, ಒಲೆಯಲ್ಲಿ ಸುಟ್ಟ ಬಟ್ಟೆಯ ವಾಸನೆ. ಹುಡುಗಿ ಸತ್ತಳೆಂದು ಅಕ್ಕನಿಗೆ ಹೇಳಿದ್ದು ಆ ಹಾಡು. ಅದಕ್ಕೂ ಮೊದಲು ಹೇಳಿದ ನಮ್ಮ ಯಾರ ಮಾತನ್ನೂ ಅವಳು ಕೇಳಿರಲಿಲ್ಲ. ಆಮೇಲೆ ನಾನು ಅನುಮಾನಿಸಲಿಲ್ಲ. ಅವಳ ಪಕ್ಕ ಕೂತು ಅತ್ತೆ.

ಬಂದ ಹಾಡು ಮೊದಲು ತಾಯಿಯ ಕಿವಿಗೆ ಬೀಳಬೇಕು. ಅವಳು ಕೇಳುವ ಮುಂಚೆ ಊರ ಬಾಯಿಗೆ ಬಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ, ಹೆಣವನ್ನು ಬೀದಿಯಲ್ಲಿ ಮಲಗಿಸಿದ ಹಾಗೆ. ಅಕ್ಕ ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ದಿನ ತಳ್ಳಿದಳು. ಬೈಯುವಷ್ಟು ಧೈರ್ಯ ನನಗೂ ಇರಲಿಲ್ಲ. ಆ ಹಾಡನ್ನು ಹೊತ್ತುಕೊಂಡು ಯಾರು ತಾನೇ ಒಬ್ಬ ತಾಯಿಯ ಮನೆ ಬಾಗಿಲು ತಟ್ಟಿಯಾರು?

ಅಕ್ಕ ಮನೆಯೊಳಗೆ ತಮಟೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹಾಡನ್ನು ಗಟ್ಟಿಮಾಡಿಕೊಳ್ಳುತ್ತಿದ್ದಳು. ಮೂಲೆಯಲ್ಲಿ ಭಾವ ಬಲೆ ಹೊಲಿಯುತ್ತ ಕೂತಿರುತ್ತಿದ್ದ. ಅವನಿಗೆಲ್ಲಿ ಕೇಳಿಸುತ್ತದೆ ಎಂದುಕೊಂಡೆವು. ಕಿವುಡರ ಸಂಗತಿ ನಮಗೆ ಗೊತ್ತಿಲ್ಲ. ತಮಟೆಯ ದನಿ ಅವರಿಗೆ ನೆಲದಿಂದ, ಮೂಳೆಯಿಂದ ಹತ್ತುತ್ತದೆ. ಇನ್ನು ತಾವು ಗುನುಗುವುದು ಎಷ್ಟು ಗಟ್ಟಿಯಾಗಿದೆ ಎಂಬುದು ಅವರಿಗೇ ಕೇಳಿಸುವುದಿಲ್ಲ. ಭಾವ ಶಾಲೆಗೆ ಸೌದೆ ಹಾಕುತ್ತಿದ್ದ. ಶಾಲೆಯ ಗೋಡೆಗೆ ಬೆನ್ನು ಕೊಟ್ಟು, ಕೊಡಲಿಯ ತಾಳಕ್ಕೆ ಸರಿಯಾಗಿ, ನದಿ ಗಟ್ಟಿ ಇದೆ ಎಂದೆ ಎಂದು ಹಾಡುತ್ತ ಸೌದೆ ಸೀಳಿದ. ಪಾಪ, ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದೇನೆ ಎಂದು ಅವನು ತಿಳಿದಿದ್ದ.

ಮಕ್ಕಳ ಬಾಯಿಗೆ ಸಿಕ್ಕಿದ ಮೇಲೆ ಕೇಳಬೇಕೆ? ಊಟದ ಹೊತ್ತಿಗೆ ಚಮಚದಿಂದ ತಟ್ಟೆ ಬಡಿಯುತ್ತ ಸಾಲಾಗಿ ನಿಂತು ಹಾಡಿದವು, ಎಲ್ಲಿ ಇಳಿಸಿದೆ, ಎಲ್ಲಿ ಇಳಿಸಿದೆ. ಶಾಲೆಯಲ್ಲಿ ಅಡುಗೆ ಮಾಡುವವಳು ಲಿಡಿಯಾ. ಸೌಟು ಹಿಡಿದು ಅವುಗಳ ಎದುರಿಗೇ ನಿಂತಿದ್ದಳು.

ಅವಳು ಅಕ್ಕನ ಮನೆಗೆ ಬಂದಾಗ ಕೈಯಲ್ಲಿ ಸೌಟು ಇನ್ನೂ ಇತ್ತು, ಕೋಟು ಹಾಕಿರಲಿಲ್ಲ. ಈ ಸಲ ಒಳಗೆ ಬರಲಾ ಎಂದು ಕೇಳಲಿಲ್ಲ.

"ಮಕ್ಕಳ ಬಾಯಲ್ಲಿ ಕೇಳ್ದೆ ಅತ್ತಿಗೆ. ನನ್ನ ಮಗನ ಹಾಡನ್ನ ಮಕ್ಕಳು ತಟ್ಟೆ ಬಡ್ಕೊಂಡು ಹಾಡ್ತಿದ್ವು."

ಅಕ್ಕ ಭಾವನ ಕಡೆ ನೋಡಿದಳು. ಭಾವನ ಮುಖ ಸುಣ್ಣದ ಹಾಗಾಯಿತು, ಬಲೆಯ ಸೂಜಿ ಕೈಯಿಂದ ಜಾರಿತು.

"ಅದು ತಪ್ಪು," ಎಂದಳು ಅಕ್ಕ. "ನಾನೇ ಬಂದು ಹೇಳ್ಬೇಕಿತ್ತು. ಕಾಲು ಬರಲಿಲ್ಲ."

"ಕಾಲು ಬರಲಿಲ್ಲ! ಹಾಡು ಮಾತ್ರ ಬಂತು! ಅವನು ಬೇಕಂತ ಮಾಡಿದ್ನಾ? ಅವನೂ ಮುಳುಗ್ಲಿಲ್ವಾ? ಅವನ ಉಗುರು ನೋಡಿದೀಯಾ ನೀನು? ಮಂಜುಗಡ್ಡೆ ಕೆರೆದೂ ಕೆರೆದೂ ಒಂದುಗುರೂ ಇರಲಿಲ್ಲ ಅವನ ಕೈಲಿ!"

"ನೋಡಿದೀನಿ. ಆ ಕೈಗೆ ಗವಸು ತೊಡಿಸಿದವಳು ನಾನು."

ಲಿಡಿಯಾ ಸೌಟು ಹಿಡಿದ ಕೈಯನ್ನು ಇಳಿಸಿದಳು. ಆಮೇಲೆ ಮೆಲ್ಲಗೆ, ಬೇಡುವವಳ ಹಾಗೆ, "ಬೇರೆ ಒಂದು ಕೊಡು. ನಿನ್ನ ಕಾಲಿಗೆ ಬೀಳ್ತೀನಿ. ಚಿಕ್ಕದಾಗಿರ್ಲಿ, ಒಂದೇ ಸಾಲಿರ್ಲಿ. ಇದು ಬೇಡ," ಎಂದಳು.

"ಇದ್ದಿದ್ರೆ ಕೊಡ್ತಿದ್ದೆ ಲಿಡಿಯಾ. ಇದೊಂದೇ ಇರೋದು."

"ಹಾಗಾದ್ರೆ ಅವನು ಹಾಡಿಲ್ದೇ ಇರ್ಲಿ. ಬಾಗ್ಲಲ್ಲೇ ನಿಂತಿರ್ಲಿ. ನಾನೂ ಜೊತೆಗೆ ನಿಂತಿರ್ತೀನಿ."

ಆಗ ಭಾವ ಬಾಯಿಬಿಟ್ಟ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. "ಹಾಡು ಇಬ್ರುದೂ ಕಣಮ್ಮ," ಎಂದ. "ನೀನು ಎತ್ತಲಿಲ್ಲ ಅಂದ್ರೆ ಹುಡುಗಿನೂ ಹೋಗಲ್ಲ. ಅವಳಿಗೆ ಬೇರೆ ಹಾಡಿಲ್ಲ, ಮಣ್ಣೂ ಇಲ್ಲ."

ಲಿಡಿಯಾ ಅಣ್ಣನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಸೌಟನ್ನು ನಮ್ಮ ಮೇಜಿನ ಮೇಲೆ ಇಟ್ಟು ಹೊರಟುಹೋದಳು. ಅದು ಶಾಲೆಯ ಸೌಟು, ಮರುದಿನ ನಾನೇ ಒಯ್ದು ಕೊಟ್ಟೆ.

ಆ ಬೇಸಿಗೆಯೆಲ್ಲ ಅವರಿಬ್ಬರೂ ಮಾತಾಡಲಿಲ್ಲ. ಆದರೂ ದೊಡ್ಡೂಟದ ಕೆಲಸ ನಿಲ್ಲಲಿಲ್ಲ. ಬಂದವರಿಗೆ ಹಂಚಲು ತೋಳದವರು ಕಂಬಳಿ, ಬಂದೂಕು, ಮಣಿಸರ ಕೂಡಿಸಿದರು. ಸೆಪ್ಟೆಂಬರಿನಲ್ಲಿ ಭಾವ ಎರಡು ಕಡವೆ ಹೊಡೆದ. ಲಿಡಿಯಾ ಹಾಡು ಎತ್ತುತ್ತಾಳೋ ಇಲ್ಲವೋ ಎಂದು ಊರಿಗೆ ಊರೇ ಕೇಳಿತು, ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳು ಎತ್ತದಿದ್ದರೆ ಬೇರೆಯವರು ಎತ್ತುವಂತಿಲ್ಲ, ಕಟ್ಟಿದವಳಂತೂ ಬಾಯಿ ತೆರೆಯುವಂತಿಲ್ಲ. ಹಾಡು ಅಲ್ಲಿಗೆ ಸತ್ತಂತೆ.

ದೊಡ್ಡೂಟದ ದಿನ ಊರ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಳಗಿನ ಊರಿನಿಂದ, ರಸ್ತೆಯಾಚೆಯ ಊರಿನಿಂದ ಜನ ಬಂದಿದ್ದರು. ಕಡವೆಯ ಸಾರು, ಒಣಮೀನು, ಕರಿದ ರೊಟ್ಟಿ ಸಾಲಾಗಿ ನೆಲದ ಮೇಲಿದ್ದವು. ಮೊದಲು ಹಳೆಯ ಹಾಡುಗಳಾದವು. ನಮ್ಮಜ್ಜಿಯ ಹಾಡು, ನನ್ನ ಗಂಡನ ಹಾಡು. ನನ್ನ ಗಂಡನ ಹಾಡಿನಲ್ಲಿ ಅವನು ದೋಣಿಯನ್ನು ದಡಕ್ಕೆ ಕಟ್ಟಲು ಮರೆತು ಅದರ ಹಿಂದೆ ನದಿಯುದ್ದಕ್ಕೂ ಓಡಿದ ಸಂಗತಿಯಿದೆ, ಎಲ್ಲರೂ ಅಳುತ್ತಲೇ ನಕ್ಕರು. ಸತ್ತವನಿಗೆ ಗುರುತು ಸಿಗುವುದು ಅಂಥ ನಿಜವೊಂದರಿಂದಲೇ. ಹೊಗಳಿದರೆ ತನ್ನದಲ್ಲವೆಂದು ನಿಂತೇಬಿಡುತ್ತಾನೆ. ಕಡೆಗೆ ಹೊಸ ಹಾಡಿನ ಸರದಿ ಬಂತು. ಹುಡುಗರು ಎದ್ದು ಬಾಗಿಲನ್ನು ಹಾರುಹೊಡೆದರು, ಹೋಗುವವನಿಗೆ ದಾರಿ ಬೇಕಲ್ಲ. ಸಂಜೆಯ ಚಳಿ ಒಳಗೆ ನುಗ್ಗಿತು.

ಅಕ್ಕ ಒಲೆಗೆ ತಮಟೆ ಹಿಡಿದು ಕಾಯಿಸಿ ನಡುವೆ ಬಂದು ನಿಂತಳು. ಹೊಡೆಯತೊಡಗಿದಳು.

ಲಿಡಿಯಾ ತಲೆ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ತಮಟೆ ಹಾಡಿನ ಬಾಯಿಯವರೆಗೆ ಬಂತು, ಯಾರೂ ಎತ್ತಲಿಲ್ಲ. ಅಕ್ಕ ಮೊದಲಿನಿಂದ ಹೊಡೆದಳು. ಮತ್ತೆ ಬಂತು, ಮತ್ತೆ ಯಾರೂ ಎತ್ತಲಿಲ್ಲ. ಮುದುಕರು ನೆಲ ನೋಡಿದರು. ಎದ್ದು ಹೋಗಿ ಅವಳನ್ನು ಅಲ್ಲಾಡಿಸಬೇಕೆನಿಸಿತು ನನಗೆ. ಅದೇ ಕ್ಷಣಕ್ಕೆ, ಎತ್ತಬೇಡವೇ ಲಿಡಿಯಾ, ಮಗನ ತಲೆ ಮೇಲೆ ಇದನ್ನು ಹಾಕಬೇಡ ಎಂದು ಕೂಗಬೇಕೆಂದೂ ಅನಿಸಿತು. ಎರಡೂ ನಿಜ.

ಲಿಡಿಯಾ ಎದ್ದಳು. ಕಂಬಳಿ ಜಾರಿ ಬಿತ್ತು. ಅವಳು ಸೀದಾ ಬಾಗಿಲಿಗೆ ನಡೆದಳು. ಹೋದಳು, ಮುಗಿಯಿತು ಎಂದುಕೊಂಡೆ. ಹೊಸಿಲ ಹತ್ತಿರ ನಿಂತಳು. ಹೊರಗಿನ ಕತ್ತಲೆಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು, ಹಾಡು ಎತ್ತಿದಳು.

ನದಿ ಗಟ್ಟಿ ಇದೆ ಎಂದೆ, ನೀನೊಬ್ಬನೇ ಮನೆಗೆ ಬಂದೆ. ತಪ್ಪು ಮಾಡಿ ಬಂದ ಮಗನನ್ನು ಹೊಸಿಲಲ್ಲೇ ತಡೆದು ತಾಯಿ ಕೇಳುವ ಹಾಗೆ ಕೇಳಿದಳು. ಎಲ್ಲಿ ಇಳಿಸಿದೆ, ಎಲ್ಲಿ ಇಳಿಸಿದೆ? ದನಿ ಒಡೆಯಲಿಲ್ಲ. ಒಡೆದಿದ್ದರೆ ನಮಗೆ ಸುಲಭವಾಗುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸೇರಿದರು, ತೋಳದವರು, ಕಾಗೆಯವರು, ಕೆಳಗಿನ ಊರಿನವರು. ಭಾವ ಎಲ್ಲರಿಗಿಂತ ಗಟ್ಟಿಯಾಗಿ, ತಾಳ ತಪ್ಪಿ ಹಾಡಿದ. ದುಃಖ ಸವೆಯುವವರೆಗೆ ಹಾಡಬೇಕು, ಹಾಡಿದೆವು.

ಹಾಡು ನಿಂತಿತು. ಲಿಡಿಯಾ ಕತ್ತಲೆಗೆ ಹೇಳಿದಳು: "ಕ್ಲೈಡ್. ಇನ್ನು ಹೋಗಪ್ಪ."

ಒಂದೂವರೆ ವರ್ಷದ ಮೇಲೆ ಆ ಹೆಸರು ಕೇಳಿದೆವು. ಎಲ್ಲರೂ ಉಸಿರು ಬಿಟ್ಟರು. ಇನ್ನು ಕುಣಿತದ ಹಾಡು ಶುರುವಾಗಬೇಕು, ನಗಬೇಕು, ಅದೇ ಕ್ರಮ. ಗಂಡಸರು ತಮ್ಮ ತಮಟೆಗಳಿಗೆ ಕೈ ಹಾಕಿದರು. ಒಬ್ಬ ಬಾಗಿಲು ಮುಚ್ಚಲು ಹೋದ.

"ಮುಚ್ಚಬೇಡ," ಎಂದಳು ಅಕ್ಕ.

"ಚಳಿ ಅತ್ತೆ, ಸಾರು ಆರೋಗ್ತಿದೆ."

"ಇನ್ನೊಬ್ಳಿದಾಳೆ."

ಅವನು ಕೈ ತೆಗೆದ. ಗಾಳಿಗೆ ಬಾಗಿಲು ತಾನೇ ತಿರುಗತೊಡಗಿತು. ಲಿಡಿಯಾ ಅದಕ್ಕೆ ಬೆನ್ನು ಕೊಟ್ಟು ಒತ್ತಿ ಹಿಡಿದು ನಿಂತಳು. ಅಕ್ಕ ತಮಟೆಗೆ ಒಂದು ಏಟು ಹಾಕಿ ಕರೆದಳು, ಊಟಕ್ಕೆ ಕರೆಯುವ ಹಾಗೆ, ದಡದಲ್ಲಿ ನಿಂತು ಮಕ್ಕಳನ್ನು ಕೂಗುವ ಹಾಗೆ. "ರೊವೀನಾ!"

ಕಾದಳು. ಮತ್ತೊಂದು ಏಟು ಹಾಕಿದಳು. "ರೊವೀನಾ!"

ಹೋಗು ಎನ್ನಬೇಕಿತ್ತು. ಅಕ್ಕನಿಗೆ ಅದು ಬಾಯಿಗೆ ಬರಲಿಲ್ಲ, ಬಾ ಎಂದೇ ಕರೆಯುತ್ತಿದ್ದಳು. ಅದು ಎಲ್ಲರಿಗೂ ಕೇಳಿಸಿತು, ಅಡ್ಡ ಬಂದವರು ಯಾರೂ ಇಲ್ಲ. ಹಿಮದ ಪುಡಿ ಒಳಗೆ ಬಂದು ರೊಟ್ಟಿಯ ಮೇಲೆ ಕೂತಿತು. ಲಿಡಿಯಾ ಬಾಗಿಲು ಬಿಡಲಿಲ್ಲ. ಕಾಯಿಸಿದ ಚರ್ಮ ಆ ತಂಡಿಗೆ ಮೆಲ್ಲಗೆ ಸಡಿಲವಾಯಿತು, ತಮಟೆಯ ದನಿ ಇಳಿಯಿತು, ಕೊನೆಗೆ ಒದ್ದೆ ಕಂಬಳಿ ಬಡಿದಂತೆ ದಪ್ ದಪ್ ಎನ್ನತೊಡಗಿತು. ಅಕ್ಕ ಹೊಡೆಯುತ್ತಲೇ ಇದ್ದಳು. ಬಾಗಿಲು ಮುಚ್ಚಿ ಮತ್ತೊಮ್ಮೆ ಕಾಯಿಸಿದ್ದರೆ ತಮಟೆ ನುಡಿಯುತ್ತಿತ್ತು. ಯಾರೂ ಮುಚ್ಚಲಿಲ್ಲ.